ಏರು ಹತ್ತದ ಕಾರು

ಮನೆ,
ಮಂಗಳವಾರ, ಒಂಬತ್ತನೇ ತಾರೀಕು

ಪ್ರೀತಿಯ ತಮ್ಮಾ,

ನಿನ್ನೆ ಅಪ್ಪ ಡಯಾಲಿಸಿಸ್‌ಗೆ ಹೋಗಲಿಲ್ಲ ಎನ್ನುವುದನ್ನು ಬರೆಯದೇ ಬಿಡಬೇಕೆಂದಿದ್ದೆ. ನಡುಸಮುದ್ರದಲ್ಲಿ ಕೂತು ನೀನಾದರೂ ಏನು ಮಾಡಬಲ್ಲೆ? ಆದರೂ ಬರೆದೆ. ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ, ಅಲ್ಲಿ ನಿನ್ನನ್ನು ಗದರುವವರಿಲ್ಲ.

ಶನಿವಾರ ಆಸ್ಪತ್ರೆಯಿಂದ ಬರುವಾಗ ನಮ್ಮ ಮನೆಯ ಏರಿನ ನಡುವೆ ಕಾರು ನಿಂತೇಬಿಟ್ಟಿತು. ಅಪ್ಪ ಒಬ್ಬರೇ ಓಡಿಸುತ್ತಿದ್ದಾಗ ಹೇಗೋ ಹತ್ತುತ್ತಿತ್ತು. ಈಗ ನಾನು, ಅಪ್ಪ, ಅವರ ಗಾಲಿಕುರ್ಚಿ. ಹಿಂದೆ ಹಾಲಿನ ವ್ಯಾನಿನವನ ಹಾರ್ನ್ ಬೇರೆ. ಅಪ್ಪ ಇಳಿದು, ಪಕ್ಕದ ಗೋಡೆ ಹಿಡಿದುಕೊಂಡು ನಡೆದೇ ಮನೆ ಸೇರಿದರು. ಬಾಗಿಲಲ್ಲಿ ಕುಸಿದು ಕೂತು, "ನನ್ನ ಎಳೆದಾಡಿದ್ದು ಸಾಕಮ್ಮ" ಎಂದರು. ಅಂದಿನಿಂದ ಕಾರು ಹತ್ತಲು ಒಪ್ಪುತ್ತಿಲ್ಲ. ಟ್ಯಾಕ್ಸಿಯವರು ಏರಿನ ಕೆಳಗೇ ಇಳಿಸುತ್ತಾರೆ. ಪಾದ ಊದಿ ಅವರಿಗೆ ಚಪ್ಪಲಿ ಹಿಡಿಸುತ್ತಿಲ್ಲ.

ಎಂಜಿನ್ ಚಿಪ್ ಟ್ಯೂನ್ ಮಾಡಿಸಿದರೆ ಬಲ ಬರುತ್ತದಂತೆ ಎಂದು ಗ್ಯಾರೇಜಿಗೆ ಹೋದೆ. ಟ್ಯೂನಿಂಗ್‌ನವನು ಲ್ಯಾಪ್‌ಟಾಪ್ ಜೋಡಿಸಿ ನೋಡಿ ನಕ್ಕ. "ಮೇಡಂ, ಇದಕ್ಕೆ ಆಗಲೇ ಯಾರೋ ಕೈ ಹಾಕಿದ್ದಾರೆ. ಎಲ್ಲರೂ ಪವರ್ ಏರಿಸ್ತಾರೆ, ಈ ಪುಣ್ಯಾತ್ಮ ಇಳಿಸಿದ್ದಾನೆ!"

ಪುಣ್ಯಾತ್ಮ ಯಾರೆಂದು ನನಗೆ ತಕ್ಷಣ ಹೊಳೆಯಿತು. ಅಪ್ಪನ ಕಣ್ಣು ಮಂಜಾಗಿದ್ದರೂ ವೇಗ ಬಿಡದಿದ್ದ ಕಾಲ. ಕಾರಿನ ಕೀ ಕೊಡಿ ಎನ್ನಲು ನಮ್ಮಿಬ್ಬರಿಗೂ ಧೈರ್ಯವಿರಲಿಲ್ಲ. ನೀನು ಗುಟ್ಟಾಗಿ ಬಲ ಇಳಿಸಿದ್ದು ತಪ್ಪೇ? ನನಗೆ ತಿಳಿಯದು. ಅಪ್ಪನಿಗೆ ಹೇಳಿದರೆ, ಅವರಿಗೆ ಎರಡನೇ ದಿನವೇ ಗೊತ್ತಾಗಿತ್ತಂತೆ! "ನನ್ನ ಜೀವ ಉಳೀಲಿ ಅಂತ ಮಾಡಿದಾನೆ. ಅವನನ್ನ ಕೇಳದೆ ಮುಟ್ಟಬೇಡ." ನಿನಗೆ ಮುಜುಗರವಾಗದಿರಲೆಂದು ಇಷ್ಟು ವರ್ಷ ಏನೂ ತಿಳಿಯದವರ ಹಾಗೆ ಆಮೆಯಂತೆ ಓಡಿಸಿದ್ದಾರೆ.

ಮೊದಲಿದ್ದ ಬಲಕ್ಕೆ ತರಬಹುದು, ಇನ್ನೂ ಏರಿಸಬಹುದು, ಆದರೆ ಹಾಗೆ ಏರಿಸಿದರೆ ಹಳೆಯ ಕ್ಲಚ್ ತಡೆಯಲಿಕ್ಕಿಲ್ಲ ಎನ್ನುತ್ತಾನೆ ಟ್ಯೂನಿಂಗ್‌ನವನು. ಮೊದಲಿನಷ್ಟೇ ಸಾಕೆಂದು ಕಾರು ಬಿಟ್ಟು ಬಂದಿದ್ದೇನೆ. ಅಷ್ಟು ಸಾಕಾದೀತೇ? ನಿನ್ನನ್ನು ಕೇಳೋಣವೆಂದರೆ ಫೋನ್ ಸಿಗುತ್ತಿಲ್ಲ.

ಎಲ್ಲಿದ್ದರೂ ಸುಖವಾಗಿರು, ಮರಿ.

ನಿನ್ನ
ಅಕ್ಕ

ತಾ.ಕ.: ನೀನು ಫೋನಿನಲ್ಲಿ ಒಪ್ಪಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದೇನೆ. ಹಾಗಾದರೆ ನಾಳೆ ಡಯಾಲಿಸಿಸ್‌ಗೆ ಬರುತ್ತೇನೆ ಎಂದಿದ್ದಾರೆ. ಅವರು ಕೇಳಿದರೆ ಹೌದು ಎಂದುಬಿಡು, ಕೈಮುಗಿಯುತ್ತೇನೆ. ಕಾರು ಏರು ಹತ್ತಿ ಅವರನ್ನು ಬಾಗಿಲಿನವರೆಗೆ ತಂದು ಬಿಟ್ಟ ಮೇಲೆಯೇ ಇದನ್ನು ಅಂಚೆಗೆ ಹಾಕುವುದು: ನಾಳೆ, ಹತ್ತನೇ ತಾರೀಕು.