ನೀಲಿ ಬ್ಯಾಟರಿಯ ತಂಟೆಗೆ ಹೋಗಬೇಡಿ

ರೀ,

ನಮ್ಮ ಮಿಸುಜುವಿನ ರಿಮೋಟ್ ಕಾರಿಗೆ ನೀಲಿ ಬ್ಯಾಟರಿ ಸಿಕ್ಕಿಸಬೇಡಿ. ಚಾರ್ಜಿಗೂ ಹಾಕಬೇಡಿ. ಹಳೆಯ ಬಿಳಿ ಕನೆಕ್ಟರ್ ಬಿಸಿಯಾಗಿ ಕರಗುತ್ತಿತ್ತಲ್ಲ, ಅದನ್ನು ಕತ್ತರಿಸಿ ನಿನ್ನೆ ಕಾರಿಗೂ ಬ್ಯಾಟರಿಗೂ ಹಳದಿಯದನ್ನು ತಾನೇ ಬೆಸೆದಿದ್ದಾಳೆ. ಆರಿಸಿದ್ದು ಸರಿಯಾಗಿದೆ, ಬೆಸುಗೆಯೂ ನಿಮ್ಮದಕ್ಕಿಂತ ಅಂದವಾಗಿದೆ. ಆದರೆ ಬ್ಯಾಟರಿಯ ಕಡೆ ಪ್ಲಸ್-ಮೈನಸ್ ಗುರುತನ್ನು ಮುಂದಿನಿಂದ ನೋಡಿ ತಂತಿಯನ್ನು ಹಿಂದಿನಿಂದ ಬೆಸೆದಿದ್ದಾಳೆ. ಪ್ಲಸ್ಸಿನ ಕೆಂಪು ತಂತಿ ಮೈನಸ್ಸಿಗೆ ಹೋಗಿದೆ. ಪಾತ್ರೆ ತೊಳೆದು ಬಂದು ವೋಲ್ಟ್ ಮೀಟರು ಹಿಡಿದಾಗ ಗೊತ್ತಾಯಿತು.

"ಅಮ್ಮಾ, ಇದು ಒಂದೇ ದಿಕ್ಕಿಗೆ ಕೂರೋದು, ತಪ್ಪೋಕೆ ಸಾಧ್ಯಾನೇ ಇಲ್ಲ!" ಎಂದು ಕುಣಿಯುತ್ತಿದ್ದಳು. ಕೂರುವುದೇನೋ ನಿಜ. ಕೂತ ಕ್ಷಣವೇ ಕಾರಿನ ಸರ್ಕಿಟ್ಟು ಸುಟ್ಟು, ಮಧ್ಯಾಹ್ನದ ರೇಸೂ ಹೊಗೆಯಾಗಿ ಹೋಗುತ್ತದೆ.

ಹಾಗೆಂದು ನೀವು ಸರಿಮಾಡಲೂ ಬೇಡಿ! ಹೋದ ಸಲ ಅವಳು ಮಲಗಿದ್ದಾಗ ಚಕ್ರ ರಿಪೇರಿ ಮಾಡಿಟ್ಟಿರಿ. ಗೆದ್ದ ಕಪ್ಪನ್ನು "ತಗೋಳಪ್ಪಾ, ಇದು ನಿಂದೇ" ಎಂದು ನಿಮ್ಮ ಮುಂದೆ ಕುಕ್ಕಿ, ಊಟ ಬಿಟ್ಟು ಹೋದಳು.

ಮೀಟರನ್ನು ಅವಳ ಸೂಪಿನ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದೇನೆ. ಎದ್ದ ಮೇಲೆ "ಅಳತೆ ನೋಡಿದ್ಯಾ ಪುಟ್ಟಿ?" ಎಂದಷ್ಟೇ ಕೇಳಿ. ಅಂಕಿಯ ಮುಂದೆ ಮೈನಸ್ ಕಂಡರೆ ಉಳಿದದ್ದು ಅವಳಿಗೇ ಹೊಳೆಯುತ್ತದೆ. ಮತ್ತೆ ಬೆಸೆಯುವಾಗ ಒಂದು ತಂತಿಗೆ ಟೇಪು ಸುತ್ತಿಯೇ ಇನ್ನೊಂದನ್ನು ಮುಟ್ಟಲಿ, ಎರಡೂ ತಾಗಬಾರದು. ಇದೊಂದನ್ನು ಮಾತ್ರ ನೀವು ಬಾಯಿಬಿಟ್ಟು ಹೇಳಬಹುದು.

ನಾನು ಚಹಾದಂಗಡಿಯ ಕೆಲಸ ಮುಗಿಸಿ ನೇರ ನದಿ ದಂಡೆಯ ಟ್ರ್ಯಾಕಿಗೆ ಬರುತ್ತೇನೆ. ಅನ್ನ ಬಿಸಿಯಾಗಿದೆ. ನಿಮ್ಮ ಕೈ ತುರಿಸಿದಾಗಲೆಲ್ಲ ಒಂದೊಂದು ಒನಿಗಿರಿ ಉಂಡೆ ಕಟ್ಟಿ. ಹೆಚ್ಚಾದರೆ ಟ್ರ್ಯಾಕಿನವರೆಲ್ಲ ಸೇರಿ ತಿನ್ನುತ್ತಾರೆ.

ಸಾಯೊಕೊ