ನಿಮ್ಮ ಹೊಟ್ಟೆ ಕಮಲಾಪುರದ್ದಾಗಿದೆ

ಕಮಲಾಪುರ
೧೪ ನವೆಂಬರ್ ೨೦೨೪

ಅಜರ್ ಅವರಿಗೆ ಕೌಸರಳ ಸಲಾಮ್.

ನಾಲ್ಕು ತಿಂಗಳಾದ ಮೇಲೆ ಹೆಂಡತಿಯ ಪತ್ರ ಬಂತೆಂದರೆ ಸಂಬಂಧ ಮುರಿಯುವ ಮಾತೇ ಇರಬೇಕೆಂದು ಗಾಬರಿಯಾಗಬೇಡಿ. ಇದು ನನ್ನ ಕೆಲಸಕ್ಕೆ ಸಂಬಂಧಿಸಿದ ಪತ್ರ, ಹಾಗೆಂದೇ ಓದಿ. ಫೋನ್ ಮಾಡಿದರೆ ನಾವಿಬ್ಬರೂ ಎರಡನೇ ಮಾತಿಗೆ ಜಗಳಕ್ಕೆ ಇಳಿಯುತ್ತೇವೆ.

ನಮ್ಮ ಸಂಶೋಧನೆ ನಿಮಗೆ ಗೊತ್ತೇ ಇದೆ. ಕಲಬುರಗಿಯವರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೂ ಕಮಲಾಪುರದವರ ಹೊಟ್ಟೆಯವಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡುವುದು. ಮಲದ ಮಾದರಿ ಕೊಡಿ ಎಂದಾಗ ನಿಮ್ಮ ಬೇಕರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮರ್ಯಾದೆ ಉಳಿಸಲು ಮೊದಲು ಕೊಟ್ಟವರು ನೀವು, ಅದನ್ನು ಮರೆತಿಲ್ಲ. ಆಗ ನಿಮ್ಮದು ಅಪ್ಪಟ ಕಲಬುರಗಿ ಸೇಡಂ ರಸ್ತೆಯ ಹೊಟ್ಟೆ. ಪಾವ್, ಬಿಸ್ಕತ್ತು ತಿನ್ನುವ ನಿಮ್ಮ ಓಣಿಯವರಂತೆಯೇ ಜೀವಿಗಳ ಬಗೆ ಕಡಿಮೆ. ಇಲ್ಲಿ ಜೋಳ, ತೊಗರಿ, ಪುಂಡಿಪಲ್ಯ ತಿನ್ನುವವರಲ್ಲಿ ನಾರು ಅರಗಿಸುವ ಜೀವಿಗಳು ದಂಡಿಯಾಗಿವೆ.

ಎರಡನೇ ಸಲ ನೀವು ಮಾದರಿ ಕೊಟ್ಟದ್ದು ನಾನು ಮನೆ ಬಿಟ್ಟು ಎರಡು ತಿಂಗಳಾದ ಮೇಲೆ. ಮಾದರಿಯ ಸಂಖ್ಯೆ ಹಿಡಿದು ಕೊಟ್ಟವರ ಹೆಸರು ಹುಡುಕಬಾರದೆಂಬುದು ನಿಯಮ. ಆದರೆ ಮೊದಲ ಸಲ ನಿಮ್ಮ ಡಬ್ಬಿಗೆ ನಲವತ್ತೇಳು ಎಂಬ ಚೀಟಿ ಅಂಟಿಸಿದವಳೇ ನಾನು, ಹೇಗೆ ಮರೆಯಲಿ? ನೋಡಿದರೆ ಆ ನಲವತ್ತೇಳು ಕಮಲಾಪುರದವರ ಗುಂಪಿಗೆ ಸರಿದು ಕೂತಿದೆ! ನಿಮ್ಮ ಊಟದ ಫಾರ್ಮಿನಲ್ಲಿ ಬ್ರೆಡ್, ಅನ್ನ, ಹೋಟೆಲ್ ಊಟ ಎಂದೇ ಇತ್ತು. ಮಾದರಿ ಅದಲುಬದಲು ಮಾಡಿದ್ದೀಯೆಂದು ಜೊತೆಗೆ ಕೆಲಸ ಮಾಡುವ ಸನಾಳ ಮೇಲೆ ರೇಗಿದೆ. ಪಾಪ, ಅತ್ತೇಬಿಟ್ಟಳು.

ಆಮೇಲೆ ನಿಜ ಹೊರಬಿತ್ತು. ಇಲ್ಲಿ ನನ್ನ ಅಮ್ಮಿ ದಿನಾ ಬೆಳಗಿನ ಬಸ್ಸಿಗೆ ಒಂದು ಬುತ್ತಿ ಕಳಿಸುತ್ತಿದ್ದಳು. ಕಲಬುರಗಿಯಲ್ಲಿರುವ ತನ್ನ ತಂಗಿಗೆ ಹುಷಾರಿಲ್ಲ, ರೊಟ್ಟಿ ತಟ್ಟಲು ಆಗುವುದಿಲ್ಲ ಎನ್ನುತ್ತಿದ್ದಳು. ಒಂದು ದಿನ ನಾನೇ ಒಯ್ದೆ. ಕಂಡಕ್ಟರ್ ಮರೆಪ್ಪ, "ಕೊಡ್ರೀ ಅಕ್ಕಾರ, ಅಳಿಯಂದ್ರ ಬುತ್ತಿ ಅಲ್ಲೇನ್ರಿ? ಬೇಕರ್ಯಾಗ ಕೊಟ್ಟು ಹೋಗ್ತೀನಿ" ಎಂದ. ಮನೆಗೆ ಬಂದು ಕೂಗಾಡಿದೆ. ಅಮ್ಮಿ ತಣ್ಣಗೆ, "ಮುನಿಸ್ಕೊಂಡಾಕಿ ನೀನು, ನಾ ಅಲ್ಲ. ಅಳಿಯ ಉಪಾಸ ಇದ್ರ ನನಗ ತುತ್ತು ಇಳೀತದೇನು?" ಎಂದಳು.

ನಾಲ್ಕು ತಿಂಗಳ ಹಿಂದೆ ಅವತ್ತು ನಿಮ್ಮ ಅಕ್ಕಂದಿರ ಎದುರು, "ಹಳ್ಳಿ ಹೊಟ್ಟಿ ಇದು, ಜ್ವಾಳ ಇಲ್ದ ತುಂಬಂಗಿಲ್ಲ" ಎಂದು ನನ್ನನ್ನು ನೋಡಿ ನಕ್ಕಿರಿ. ಆ ಒಂದು ಮಾತಿಗೆ ನಾನು ಚೀಲ ಎತ್ತಿಕೊಂಡು ತವರಿಗೆ ಬಂದೆ. ಈಗ ಹೇಳಿ, ಹಳ್ಳಿ ಹೊಟ್ಟೆ ಯಾರದ್ದು? ನನಗೆ ನಗು ಬಂತು, ಅಳುವೂ ಬಂತು. ನಮ್ಮ ಮನೆಯ ರೊಟ್ಟಿ ತಿನ್ನುತ್ತ, ನನ್ನನ್ನು ಬಾ ಎಂದು ಕರೆಯಲು ನಿಮಗೇನು ಧಾಡಿಯಾಗಿತ್ತು?

ಹೊಸ ಫಾರ್ಮ್ ಇದರ ಜೊತೆಗಿದೆ. ದಿನಕ್ಕೆ ಎಷ್ಟು ರೊಟ್ಟಿ, ಎಷ್ಟು ದಿನದಿಂದ ಎಂದು ನಿಜ ಬರೆಯಿರಿ. ಸನಾಳ ಕ್ಷಮೆ ನಾನು ಕೇಳಿದ್ದೇನೆ. ನಿಮ್ಮದೂ ಒಂದು ಬಾಕಿ ಇದೆ, ಯಾರಲ್ಲಿ ಎಂದು ನಿಮಗೇ ಗೊತ್ತು.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಕೌಸರ್

ತಾ.ಕ.: ಬುತ್ತಿಯ ವಿಷಯ ನನಗೆ ತಿಳಿದು ಒಂದು ತಿಂಗಳಾಯಿತು. ಅದರ ಮರುದಿನವೇ ಅಮ್ಮಿಯ ಮಣಿಕಟ್ಟು ಬಾತುಕೊಂಡಿತು. ಈ ತಿಂಗಳಿಡೀ ನೀವು ತಿಂದದ್ದು ನಾನು ತಟ್ಟಿದ ರೊಟ್ಟಿ. ಈ ಪತ್ರವನ್ನೂ ಇವತ್ತಿನ ಬುತ್ತಿಯಲ್ಲೇ ಇಟ್ಟಿದ್ದೇನೆ. ನಾಳೆಯಿಂದ ಬುತ್ತಿ ಬರುವುದಿಲ್ಲ. ಫಾರ್ಮ್ ಅಂಚೆಗೆ ಹಾಕಬೇಡಿ, ನೀವೇ ತನ್ನಿ.