ರತ್ನಾವತಿ ಖಾರ್ವಿಯವರ ನೀಲಿ ಪುಸ್ತಕ

ಹೊನ್ನಾವರದ ಕಡಲಗೋಡೆ
ಕ್ರಿ.ಶ. ೨೩೧೪, ಆಗಸ್ಟ್ ಮೂವತ್ನಾಲ್ಕು

ನಿಮ್ಮ ಕಾಲದ ಆಗಸ್ಟ್‌ಗೆ ಇಷ್ಟು ದಿನಗಳಿರಲಿಲ್ಲವೆಂದು ಬಲ್ಲೆ. ನಾವು ದೊಡ್ಡ ಉಬ್ಬರ ಇಳಿದ ಮೇಲೆಯೇ ತಿಂಗಳು ಮುಗಿಸುತ್ತೇವೆ. ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾಳೆ ನಿಮ್ಮ ಮ್ಯಾನೇಜರ್ ಎದುರು ಕೂರುವುದಕ್ಕೆ ಹೆದರಿಕೆಯಿದ್ದರೆ ಈ ಪತ್ರ ನಿಮಗೆ.

ನನ್ನ ಹೆಸರು ದುಗ್ಗಮ್ಮ ಅಂಬಿಗ. ಕೆಲಸ ಗೋಡೆಗಿವಿ. ಅಂದರೆ ಕಬ್ಬಿಣದ ಕೋಲನ್ನು ಕಡಲಗೋಡೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಒಳಗೆ ನೀರು ಜಿನುಗುತ್ತಿದೆಯೇ ಎಂದು ಕೇಳುವವಳು. ಕಡಲ ಉಪ್ಪಿಗೆ ತುಕ್ಕು ಹಿಡಿದ ಯಂತ್ರಗಳು ತಪ್ಪು ಹೇಳತೊಡಗಿದ ಮೇಲೆ ಇಲ್ಲಿ ಮನುಷ್ಯರ ಕಿವಿಯನ್ನೇ ನಂಬುತ್ತಾರೆ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಮಧ್ಯಾಹ್ನದೊಳಗೆ ಇನ್ನೂರು ಕಡೆ ಕೋಲಿಟ್ಟು, ಅನುಮಾನವಿದ್ದಲ್ಲಿ ಸುಣ್ಣದ ಗುರುತು ಹಾಕಬೇಕು. ಗೋಡೆಯ ಕೆಳಗೆ ಒಂಬೈನೂರು ಮನೆಗಳಿವೆ. ಅವುಗಳಲ್ಲೊಂದು ನನ್ನ ತಂಗಿಯದು.

ಹೋದ ವರ್ಷದಿಂದ ನನಗೆ ಸಣ್ಣ ಸದ್ದುಗಳು ಕೇಳುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹಿಂದಿನ ಮೇಲಧಿಕಾರಿ ಚಹಾ ಕೊಟ್ಟು, ಕಷ್ಟ ಸುಖ ವಿಚಾರಿಸಿ, ಹೇಳಿಕೊಂಡದ್ದನ್ನೇ ಬರೆದುಕೊಂಡು ಮೂವರನ್ನು ಕೆಲಸದಿಂದ ತೆಗೆದಿದ್ದ. ಅವನ ಜಾಗಕ್ಕೆ ರತ್ನಾವತಿ ಖಾರ್ವಿ ಬಂದರು. ಪ್ರತಿ ಸೋಮವಾರ ನೀಲಿ ಪುಸ್ತಕ ತೆರೆದು, "ನನ್ನಿಂದ ನಿಮಗೇನಾಗಬೇಕು?" ಎಂದು ಕೇಳುತ್ತಿದ್ದರು. "ಏನೂ ಬೇಡ," ಎನ್ನುತ್ತಿದ್ದೆ. ಅಷ್ಟಕ್ಕೇ ಅವರು ಅರ್ಧ ಪುಟ ಬರೆಯುತ್ತಿದ್ದರು. ಏನು ಬರೆಯುತ್ತಾರೆಂಬುದೇ ನನ್ನ ತಲೆ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಮರೆತ ಬುತ್ತಿಗಾಗಿ ಹಿಂತಿರುಗಿದೆ. ನಾನು ಕೇಳಿ ಮುಗಿಸಿದ್ದ ಜಾಗದಲ್ಲೇ ರತ್ನಾವತಿಯವರು ಗೋಡೆಗೆ ಕೋಲೊತ್ತಿ ನಿಂತಿದ್ದರು. ಪಕ್ಕದಲ್ಲಿ ನೀಲಿ ಪುಸ್ತಕ.

"ನನ್ನ ಬೆನ್ನ ಹಿಂದೆ ಪರೀಕ್ಷೆ ಮಾಡ್ತಿದ್ದೀರಾ?" ಎಂದೆ.

ಅವರು ಬೆಚ್ಚಿದರೂ ಸುಳ್ಳು ಹೇಳಲಿಲ್ಲ. "ಹೌದು, ಎರಡು ತಿಂಗಳಾಯ್ತು. ನೀವು ಮೂರು ಕಡೆ ಜಿನುಗು ಗುರುತಿಸದೆ ಬಿಟ್ಟಿದ್ದೀರಿ. ನಾನೇ ಮುಚ್ಚಿಸಿದೆ."

"ಹೇಳಬಹುದಿತ್ತಲ್ಲ!"

"ನೀವೂ ಹೇಳಬಹುದಿತ್ತು. ಪ್ರತಿ ಸೋಮವಾರ ಕೇಳಿದೆ."

"ಬರೆದುಕೊಂಡು ತೆಗೆದುಹಾಕೋಕೆ ಕೇಳ್ತೀರಿ ಅಂದುಕೊಂಡೆ."

ಅವರು ಪುಸ್ತಕವನ್ನು ನನ್ನ ಕೈಗಿಟ್ಟರು. 'ದುಗ್ಗಮ್ಮ ಏನೋ ಮುಚ್ಚಿಡುತ್ತಿದ್ದಾರೆ. ನನ್ನ ಮೇಲೆ ದೂರು ಕೊಡುವ ತಯಾರಿಯೇ?' ಎಂದು ಬರೆದಿತ್ತು. ನಾನು ಅವರಿಗೆ ಹೆದರಿದಷ್ಟೇ ಅವರೂ ನನಗೆ ಹೆದರಿದ್ದರು. ನಗು ಬರಲಿಲ್ಲ. ನಾನು ಬಿಟ್ಟ ಮೂರು ಜಾಗಗಳೂ ಅದರಲ್ಲಿದ್ದವು; ಒಂದು ತಂಗಿಯ ಮನೆಯ ನೇರಕ್ಕಿತ್ತು. ಪುಸ್ತಕ ಅವರಿಗೆ ಹಿಂದಿರುಗಿಸಿದೆ. ಕಿವಿಯ ವಿಷಯ ಹೇಳಿದೆ.

ಅವರು ನನ್ನನ್ನು ತೆಗೆಯಲಿಲ್ಲ. ಆದರೆ ಒಂಟಿಯಾಗಿ ಗೋಡೆ ಕೇಳುವ ಕೆಲಸ ತಪ್ಪಿತು, ಅದರಿಂದ ನೋವಾಯಿತು. ಈಗ ಹೊಸಬಳೊಬ್ಬಳ ಜೊತೆ ನಡೆಯುತ್ತೇನೆ. ದಪ್ಪ ಸದ್ದು ನನ್ನದು, ಸಣ್ಣದು ಅವಳದು. ಎಲ್ಲಿ ಅನುಮಾನಿಸಬೇಕೆಂದು ನಾನು ಕಲಿಸುತ್ತೇನೆ. ರತ್ನಾವತಿಯವರ ಬಳಿ ಒಂದು ಷರತ್ತು ಹಾಕಿದೆ: ನನ್ನ ಬಗ್ಗೆ ಬರೆದದ್ದನ್ನು ಮೇಲಿನವರಿಗೆ ಕಳಿಸುವ ಮೊದಲು ನನಗೆ ಓದಿಸಬೇಕು. ಅವರೂ ಒಂದು ಹಾಕಿದರು: ಕೆಟ್ಟ ಸುದ್ದಿಯನ್ನು ನಾನು ಅದೇ ದಿನ ಹೇಳಬೇಕು. ಮೊದಲ ಕೆಲವು ವಾರ ಪುಟ ಹರಿದಿದ್ದಾರೇನೋ ಎಂದು ಪುಸ್ತಕದ ಹೊಲಿಗೆಯನ್ನೂ ಎಣಿಸುತ್ತಿದ್ದೆ. ಎಣಿಸಿ ಮುಗಿಯುವವರೆಗೂ ಅವರು ಕಾಯುತ್ತಿದ್ದರು.

ಎಲ್ಲರನ್ನೂ ನಂಬಿ ಎಂದು ನಾನು ಬರೆಯಲಾರೆ. ಆ ಹಿಂದಿನವನಂಥವರು ನಿಮ್ಮ ಕಾಲದಲ್ಲೂ ಇರುತ್ತಾರೆ. ರತ್ನಾವತಿಯವರನ್ನು ಇಂದಿಗೂ ನಾನು ಪೂರ್ತಿ ನಂಬಿಲ್ಲ. ಆದರೆ ಅನುಮಾನ ಬಂದ ದಿನವೇ ಹೋಗಿ ಅವರ ಮುಖಕ್ಕೆ ಹೇಳುತ್ತೇನೆ. ನೀವೂ ನಾಳೆ ಅಷ್ಟು ಮಾಡಿ ನೋಡಿ. ನಿಮ್ಮ ಮೌನದ ಕೆಳಗೆ ಯಾರ ಮನೆಯಿದೆಯೋ ನಿಮಗೆ ತಿಳಿದಿರುವುದಿಲ್ಲ.

ದುಗ್ಗಮ್ಮ